ಹಲಸಿನ ಪೀಟದ ಮೇಲೆ ಸುಟ್ಟ ಗಿಣಿ

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ದೊಡ್ಡ ಕುಲುಮೆ ಇನ್ನೂ ಹೊತ್ತಿರಲಿಲ್ಲ. ಆ ಊರಿನಲ್ಲಿ ಅದಕ್ಕಿಂತ ಮೊದಲು ಹೊತ್ತಿಕೊಂಡವನು ನಾನು. ದ್ವಾರಕಾ ನಗರದ ಬಾಡಿಗೆ ಕೋಣೆಯಲ್ಲಿ ನಾನು ಎಬ್ಬಿಸಿದ ಹೊಗೆ ಎಷ್ಟಿತ್ತೆಂದರೆ, ಬಂದರಿಗೆ ಬರುತ್ತಿದ್ದ ಹಡಗುಗಳು ದಾರಿ ತಪ್ಪಿ ಕಾಕಿನಾಡದ ಕಡೆಗೆ ಹೋದವು. ಡಾಲ್ಫಿನ್ಸ್ ನೋಸ್ ಗುಡ್ಡದ ದೀಪಸ್ತಂಭದವನು ಹಾಡುಹಗಲಿನಲ್ಲಿ ದೀಪ ಹಚ್ಚಿದ. ನಂಬದಿದ್ದರೆ ಹಡಗಿನವರನ್ನೇ ಕೇಳಿ.

ನನ್ನ ಹೆಸರು ಚಂದ್ರಹಾಸ, ಊರು ಧಾರವಾಡ. ಎಂಬತ್ತೆಂಟನೆಯ ಇಸವಿಯಲ್ಲಿ ಆ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಎಂಜಿನಿಯರಾಗಿದ್ದೆ. ನಾನಿಲ್ಲದಿದ್ದರೆ ಅಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ ಎಂದರೆ ನೀವು ಜಂಬ ಎನ್ನುತ್ತೀರಿ, ಆದ್ದರಿಂದ ಹೇಳುವುದಿಲ್ಲ. ನನ್ನಲ್ಲಿ ಇದ್ದದ್ದು ಒಂದೇ ಕುಂದು. ಅದೂ ಕುಂದಲ್ಲ, ಚೈತನ್ಯ ಹೆಚ್ಚಾಗಿ ಉಕ್ಕಿ ಹರಿಯುತ್ತಿದ್ದದ್ದು: ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಬಲಗಾಲು ತಾನಾಗಿ ಕುಣಿಯುತ್ತಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಎಂಜಿನ್ ಕೆಟ್ಟಿದೆಯೆಂದು ಇಳಿದುಹೋಗುತ್ತಿದ್ದರು. ಹಾರ್ಮೋನಿಯಂ ಕಲಿಯಲು ಹೋಗಿ ಸರಿಗಮ ದಾಟುವ ಮೊದಲೇ ಹೋಮಿಯೋಪಥಿಗೆ ಹಾರಿದೆ, ಅಲ್ಲಿಂದ ಗುಲಾಬಿ ಕಸಿಗೆ, ಅಲ್ಲಿಂದ ಹಸ್ತಸಾಮುದ್ರಿಕೆಗೆ. ಎಲ್ಲದರಲ್ಲೂ ಅದ್ವಿತೀಯನಾಗಿದ್ದೆ. ಒಂದನ್ನೂ ಮುಗಿಸಲಿಲ್ಲ, ಅಷ್ಟೆ.

ಸಂಕ್ರಾಂತಿ ಕಳೆದ ವಾರ ಶ್ರೀಪಾದ ನನ್ನನ್ನು ಹೆಣ್ಣು ನೋಡಲು ವಿಜಯವಾಡಕ್ಕೆ ಕರೆದೊಯ್ದ. ಶ್ರೀಪಾದ ನನ್ನ ಕೋಣೆಯ ಜೊತೆಗಾರ, ಧಾರವಾಡದವನೇ, ನನ್ನ ಮಾತುಗಳನ್ನೆಲ್ಲ ನಾಲ್ಕರಿಂದ ಭಾಗಿಸಿ ಕೇಳುವ ದುಷ್ಟ. ಹೆಣ್ಣಿನ ಮನೆ ಗವರ್ನರ್‌ಪೇಟೆಯಲ್ಲಿ, ಅವರದೇ ಸ್ಟೀಲ್ ಪಾತ್ರೆಯ ಸಗಟು ಅಂಗಡಿಯ ಮೇಲಿನ ಮಹಡಿ. ಹುಡುಗಿಯ ತಂದೆ ಸತ್ಯಮೂರ್ತಿಯವರು ಕನ್ನಡದವರೋ ತೆಲುಗಿನವರೋ ಎಂಬುದು ಅವರಿಗೇ ಮರೆತುಹೋಗಿತ್ತು. ಅವರ ತಾಯಿ ಸೂರ್ಯಕಾಂತಮ್ಮ ಬಳ್ಳಾರಿಯಲ್ಲಿ ಹುಟ್ಟಿ ವಿಜಯವಾಡಕ್ಕೆ ಸೊಸೆಯಾಗಿ ಬಂದವರು. ಕನ್ನಡವನ್ನು ಒಡವೆಯ ಹಾಗೆ ಮನೆಯೊಳಗೆ ಇಟ್ಟು ಕಾಪಾಡಿದವರು. ಸತ್ಯಮೂರ್ತಿಯವರು ಅಂಗಡಿಯನ್ನು ಆಳುತ್ತಿದ್ದರು. ಸತ್ಯಮೂರ್ತಿಯವರನ್ನು ಸೂರ್ಯಕಾಂತಮ್ಮ ಆಳುತ್ತಿದ್ದರು.

ಹುಡುಗಿ ಕನಕದುರ್ಗ ಕಾಫಿ ತಂದಿಟ್ಟಳು. ಇಟ್ಟವಳು ನನ್ನ ಮುಖ ನೋಡಲಿಲ್ಲ, ಮೊಣಕಾಲು ನೋಡಿದಳು. ನನ್ನ ಕೈಗೆ ಬಂದ ಲೋಟ ಬಟ್ಟಲಿನೊಳಗೆ ಕಿಣಿಕಿಣಿ ಎನ್ನುತ್ತಿತ್ತು. ಅವಳ ತುಟಿಯ ಮೂಲೆಯಲ್ಲಿ ಒಂದು ನಗು ಬಂತು, ಅದನ್ನು ಅವಳು ಹಲ್ಲಿನಿಂದ ಕಚ್ಚಿ ಹಿಡಿದಳು. ಕೃಷ್ಣಾ ನದಿಯ ಎರಡೂ ದಡಗಳಲ್ಲಿ ಅಂಥ ನಗು ಇನ್ನೊಂದಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ನಾನು ಆ ಲೋಟ ಕೆಳಗಿಡುವ ಮೊದಲು ತೀರ್ಮಾನಿಸಿದೆ.

ಆದರೆ ಅಜ್ಜಿಗೂ ಮೊಣಕಾಲು ಕಂಡಿತ್ತು.

“ಏನಪ್ಪಾ ಬಾಬೂ, ಕಾಲಿಗೆ ಮೋಟರ್ ಕೂಡಿಸ್ಕೊಂಡು ಬಂದೀಯೇನು?”

“ಇಲ್ರೀ ಅಜ್ಜೀ, ಅದು ಸುಮ್ನ…”

“ಕುಂತಲ್ಲಿ ಕಾಲಾಡಿಸಿದ್ರೆ ಮನೇಲಿ ಲಕ್ಷ್ಮಿ ನಿಲ್ಲಲ್ಲ. ನಮ್ಮಲ್ಲಿ ಮದುವಿ ಅಂದ್ರೆ ಹುಡುಗ ಪೀಟದ ಮೇಲೆ ಬೆಳಿಗ್ಗಿಯಿಂದ ಮಧ್ಯಾಹ್ನದ ತನಕ ಕುಂದ್ರಬೇಕು. ಉಪ್ಪಿಟ್ಟು ತಿನ್ನೋ ತನಕ ಕುಂದ್ರಕ್ಕಾಗದವನು ಅಲ್ಲಿ ಹೆಂಗೆ ಕುಂದರ್ತೀ? ಗುಂಟೂರಿಂದ ಒಂದು ಸಂಬಂಧ ಬಂದೈತೆ. ದುರ್ಗಾಪ್ರಸಾದ್ ಅಂತ, ಬ್ಯಾಂಕಿನವನು. ಹತ್ತಕ್ಕೆ ಕುಂತ್ರೆ ಐದರ ತನಕ ಕುರ್ಚಿ ಬಿಟ್ಟು ಏಳಲ್ಲಂತೆ.”

ಪೀಟ ಎಂದರೆ ನಮ್ಮ ಹಸೆಮಣೆಯೇ. ಅದರ ಮೇಲೆ ಒಬ್ಬ ಬ್ಯಾಂಕಿನವನು ಅಲುಗಾಡದೆ ಕೂತಿರುವ ಚಿತ್ರ ಕಣ್ಣ ಮುಂದೆ ಬಂದದ್ದೇ ತಡ, ನನ್ನ ಬಾಯಿ ನನ್ನನ್ನು ಕೇಳದೆ ಹೊರಟಿತು.

“ಅಜ್ಜೀ, ಕಾಲು ಯಾಕ ಆಡ್ತದ ಗೊತ್ತೇನ್ರಿ? ಕೈ ಕಲ್ಲಿನ್ಹಂಗ ನಿಂತಿರ್ತದಲ್ರೀ, ಅದರ ಪಾಲಿನ ಕುಣಿತಾನೂ ಕಾಲಿಗೇ ಬರ್ತದ. ನಾ ಕಟ್ಟಿಗಿ ಮ್ಯಾಲೆ ಬೆಂಕಿಲೆ ಚಿತ್ರ ಬರೀತೀನ್ರೀ! ಕಾದ ಕಡ್ಡಿ ಹಿಡದು, ಸುಟ್ಟು ಸುಟ್ಟು, ಆನಿ, ನವಲು, ದೇವರು… ದಿಲ್ಲಿಯಿಂದ ಕರಿಯಾಕ ಕಳಸ್ತಾರ್ರೀ, ನನಗ ರಜಾ ಸಿಗೂದಿಲ್ಲ.”

ಶ್ರೀಪಾದನಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ನಿಜ ಹೇಳಬೇಕೆಂದರೆ, ಅಂಥ ಚಿತ್ರ ಬರೆಯುವವನನ್ನು ಒಂದು ವಸ್ತುಪ್ರದರ್ಶನದಲ್ಲಿ ನಾನು ನೋಡಿದ್ದೆ. ಅವನು ಒಂದು ಗೆರೆ ಎಳೆದು ಮುಗಿಸುವಷ್ಟರಲ್ಲಿ ನನ್ನ ಕಾಲು ನನ್ನನ್ನು ಮುಂದಿನ ಮಳಿಗೆಗೆ ಒಯ್ದಿತ್ತು. ನನ್ನಂಥವನಿಗೆ ಅಷ್ಟು ಸಾಕು.

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. “ಬೆಂಕಿಲೆ ಬರೀತೀಯಾ? ಒಳ್ಳೇದಾಯ್ತು. ನಮ್ಮ ಹಳೇ ಪೀಟಗಳಿಗೆ ಗೆದ್ದಲು ಹಿಡಿದೈತೆ. ಹಲಸಿನ ಹಲಗಿ ಮೇಲೆ ಒಂದು ಗಿಣಿ ಬರ್ಕೊಂಡು ಬಾ, ಉಗಾದಿಗಿಂತ ಮುಂಚೆ. ನೋಡಿ ಮಾತಾಡೋಣ. ಅಲ್ಲೀತನಕ ಗುಂಟೂರಿನವರಿಗೆ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ.”

“ಅಮ್ಮಾ, ಸುಟ್ಟ ಹಲಗೆ ಮೇಲೆ ಮದುವೆ ಏಮಿಟಮ್ಮಾ?” ಎಂದರು ಸತ್ಯಮೂರ್ತಿಯವರು.

“ಹೋಮ ಏನು ನೀರಲ್ಲಿ ಮಾಡ್ತಾರೇನು? ನೀನು ಸುಮ್ನಿರು.”

ವಾಪಸು ಬರುವ ರೈಲಿನಲ್ಲಿ ನಾನು ಕೂರಲೇ ಇಲ್ಲ. ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ಬೋಗಿಯ ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆದೇ ಬಂದೆ. ರೈಲು ಸುಮ್ಮನೆ ಜೊತೆಗೆ ಬಂತು. ಅನಕಾಪಲ್ಲಿಯಲ್ಲಿ ಬೆಲ್ಲದ ವಾಸನೆ ಒಳಗೆ ಬಂದಾಗ ಶ್ರೀಪಾದ ಕೇಳಿದ:

“ಲೇ ಚಂದ್ಯಾ, ನೀ ಜನ್ಮದಾಗ ಯಾವಾಗ ಕಟ್ಟಿಗಿ ಸುಟ್ಟೀಲೇ?”

“ಹೋಳಿ ಹುಣ್ಣಿವಿಗೆ.”

“ಅದು ಮಂದಿ ಮನೀ ಬಾಗಲಾ ಕದ್ದು ತಂದು ಸುಟ್ಟಿದ್ದು!”

“ಸುಟ್ಟಿದ್ದು ಹೌದಲ್ಲೋ? ಅನುಭವ ಅದ.”

ಮರುದಿನವೇ ರೇಡಿಯೊ ಬಿಡಿಭಾಗಗಳ ಅಂಗಡಿಯಿಂದ ತಂತಿ ಬೆಸೆಯುವ ವಿದ್ಯುತ್ ಕಡ್ಡಿ, ಒಂದು ಸೋಲ್ಡರಿಂಗ್ ಐರನ್ ತಂದೆ. ಹಿಡಿ ಮರದ್ದು, ತುದಿಯಲ್ಲಿ ತಾಮ್ರದ ಮೊಳೆಯಂಥದ್ದು. ಆ ತುದಿಯನ್ನು ಅರದಿಂದ ಉಜ್ಜಿ ಉಳಿಯ ಹಾಗೆ ಚೂಪು ಮಾಡಿದೆ. ಪ್ಲೈವುಡ್ಡಿನ ಚೂರೊಂದರ ಮೇಲೆ ಮೊದಲ ಪ್ರಯೋಗ. ಅದರೊಳಗಿನ ಅಂಟು ಸುಟ್ಟು ಎದ್ದ ಹೊಗೆಯೇ ನಾನು ಮೊದಲು ಹೇಳಿದ, ಹಡಗುಗಳ ದಾರಿ ತಪ್ಪಿಸಿದ ಹೊಗೆ. ಕೆಳಗಿನಿಂದ ಮನೆಯ ಒಡತಿ ಕೂಗಿ, ಒಲೆಯ ಮೇಲೆ ಚಪ್ಪಲಿ ಇಟ್ಟಿದ್ದೀರಾ ಎಂದು ಕೇಳಿದರು.

ನಂತರ ವಿಜಯವಾಡದ ಸ್ಟೇಷನ್ನಿನಲ್ಲಿ ಕೊಂಡಿದ್ದ ಕೊಂಡಪಲ್ಲಿಯ ಮರದ ಆನೆ ಬೊಂಬೆಯನ್ನು ತಿರುಗಿಸಿ ಹೊಟ್ಟೆಯ ಕೆಳಗೆ ಬರೆದೆ. ಆ ಮರ ಎಷ್ಟು ಮೆದುವೆಂದರೆ ಕಡ್ಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ಬೆನ್ನಿನ ಕಡೆ ಅಂಬಾರಿಯೊಳಗಿನ ರಾಜನಿಗೆ ತಗುಲಿತು. ತೇಗದ ಚೂರು ಎಣ್ಣೆ ಕಾರಿತು. ಹಣ್ಣಿನ ಪೆಟ್ಟಿಗೆಯ ಹಲಗೆ ಸಮುದ್ರದ ಗಾಳಿಗೆ ತೇವಗೊಂಡು ಬುಸ್ಸೆಂದಿತು. ಕಿಟಕಿ ತೆರೆದರೆ ಅದೇ ಗಾಳಿಗೆ ಕಡ್ಡಿ ಆರುತ್ತಿತ್ತು, ಮುಚ್ಚಿದರೆ ನಾನು ಆರುತ್ತಿದ್ದೆ. ಒಂದು ಗೆರೆ ಎಳೆಯುವುದು, ಎದ್ದು ಬೀಚಿನ ತನಕ ನಡೆಯುವುದು, ಬಂದು ಇನ್ನೊಂದು ಗೆರೆ. ಆ ತಿಂಗಳು ನಾನು ಬೀಚಿಗೆ ಹೋದಷ್ಟು ಸಲ ಅಲೆಗಳೂ ಬಂದಿರಲಿಕ್ಕಿಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ಕೂತರೂ ಬೆರಳು ಗಾಳಿಯಲ್ಲಿ ಗಿಣಿಯ ಕೊಕ್ಕು ಬರೆಯುತ್ತಿತ್ತು. ಅಷ್ಟರಲ್ಲಿ ಗುಂಟೂರಿನವನು ಕುರ್ಚಿಯ ಮೇಲೆ ಬೇರು ಬಿಟ್ಟು ಕೂತಿದ್ದಾನೆ ಎಂಬ ಯೋಚನೆ ಬಂದು ಮತ್ತೆ ಏಳುತ್ತಿದ್ದೆ.

ಆದರೂ ಕಲಿತೆ. ಹಲಗೆಯನ್ನು ಮರದ ಎಳೆಯ ಗುಂಟ ಉಪ್ಪುಕಾಗದದಿಂದ ಉಜ್ಜಿ, ಕೆನ್ನೆಗೆ ತಾಗಿಸಿದರೆ ನುಣುಪೆನ್ನಿಸಬೇಕು. ಗಿಣಿಯ ಚಿತ್ರವನ್ನು ಕಾರ್ಬನ್ ಕಾಗದ ಇಟ್ಟು ಇಳಿಸಿಕೊಳ್ಳಬೇಕು. ಒತ್ತಬಾರದು, ಒತ್ತುವುದು ನಾವಲ್ಲ, ಕಾವು. ಎಲ್ಲಕ್ಕಿಂತ ದೊಡ್ಡ ಗುಟ್ಟು: ಕಡ್ಡಿಯನ್ನು ಹಲಗೆಯ ಮೇಲೆ ಇಟ್ಟು ಆಮೇಲೆ ಎಳೆಯಬಾರದು. ವಿಮಾನ ಇಳಿಯುವ ಹಾಗೆ, ಓಡುತ್ತಾ ಬಂದು ತಾಗಬೇಕು, ಓಡುತ್ತಲೇ ಮೇಲೇಳಬೇಕು. ಎಲ್ಲಾದರೂ ನಿಂತಿತೋ, ಅಲ್ಲಿ ಹುಣಸೆ ಬೀಜದಷ್ಟು ಕರಿ ಮಚ್ಚೆ.

ನನ್ನ ಹಲಗೆಗಳ ತುಂಬ ಹುಣಸೆ ಬೀಜಗಳೇ. ಯಾಕೆಂದು ನನಗೆ ತಿಳಿಯಲಿಲ್ಲ. ಮಂಚದ ಮೇಲೆ ಮಲಗಿ ನೋಡುತ್ತಿದ್ದ ಶ್ರೀಪಾದ ಕಂಡುಹಿಡಿದ.

“ಚಂದ್ಯಾ, ಬರಕೋತನ ಒಂದು ಕತಿ ಹೇಳು. ಧಾರವಾಡದಾಗ ನೀ ಹುಲಿ ಹಿಡದಿದ್ದು.”

“ಅದೇನ ದೊಡ್ಡ ಮಾತಲೇ? ಕೆಲಗೇರಿ ಕೆರಿ ದಂಡಿಮ್ಯಾಲೆ ಒಂದು ಹುಲಿ…”

ಚುರ್ ಎಂದಿತು. ಮಚ್ಚೆ.

“ನೋಡು! ನೀ ಬಾಯಿ ಬಿಚ್ಚೂದಕ್ಕೂ ಕೈ ನಿಲ್ಲೂದಕ್ಕೂ ಸರಿಹೋತು. ಸಣ್ಣ ಮಾತಿಗೆ ಏನೂ ಆಗೂದಿಲ್ಲ. ಹುಲಿ ಬಂತು ಅಂದ್ರ ಕೈ ನಿಂತು ಕೇಳ್ತದ.”

ಅಂದರೆ ಬರೆಯುವಾಗ ಬಾಯಿ ಮುಚ್ಚಬೇಕು! ಕೊಲೆ ಮಾಡಿದವನಿಗೂ ಇಂಥ ಶಿಕ್ಷೆ ಯಾರೂ ಕೊಡುವುದಿಲ್ಲ. ಆದರೂ ಮುಚ್ಚಿದೆ. ಅದು ಸಾಲದೆಂದು ಕಾಲನ್ನು ಟವೆಲಿನಿಂದ ಮೇಜಿನ ಕಾಲಿಗೆ ಕಟ್ಟಿಕೊಂಡೆ. ಗೆರೆ ನೆಟ್ಟಗೆ ಬಂತು, ಆದರೆ ಮೂಡಿದ್ದು ಗಿಣಿಯಲ್ಲ, ಕೊಕ್ಕಿರುವ ಬದನೆಕಾಯಿ. ರೆಕ್ಕೆಯೆಂಬುದು ಬಡಗಿ ಬಡಿದ ಬಾಗಿಲಿನ ಹಾಗೆ ಮೈಗೆ ಅಂಟಿಕೊಂಡಿತ್ತು. ಸಿಟ್ಟಿನಿಂದ ಕಾಲು ಒದ್ದೆ, ಟವೆಲು ಬಿಚ್ಚಿತು. ಕಟ್ಟಿ ಹಾಕಿದ್ದ ಕಾಲು ಒಂದು ದಿನದ ಬಾಕಿಯನ್ನೆಲ್ಲ ಒಮ್ಮೆಲೇ ಕುಣಿಯಲು ಹಿಡಿಯಿತು. ಮೇಜು ಅದುರಿತು, ಕೈ ಅದುರಿತು, ಕಡ್ಡಿ ಹಲಗೆಯ ಮೇಲೆ ತಾಗಿ ತಾಗಿ ಹಾರಿತು. ಚಿಕ್ಕ ಚಿಕ್ಕ ಗೆರೆಗಳು, ಬುಡದಲ್ಲಿ ದಪ್ಪ, ತುದಿಯಲ್ಲಿ ಕೂದಲಿನಷ್ಟು ತೆಳ್ಳಗೆ.

ಶ್ರೀಪಾದ ಮಂಚದಿಂದ ಎದ್ದ. “ಲೇ… ಪುಕ್ಕ! ಪುಕ್ಕ ಬಂತಲೇ ಮಗನ!”

ಅಂದಿನಿಂದ ನಾನು ಗಿಣಿಗೆ ಹೊರಗೆರೆ ಎಳೆಯುವುದನ್ನೇ ಬಿಟ್ಟೆ. ಬರೀ ಪುಕ್ಕ. ಕಾಲು ಕುಣಿದಂತೆ ಕೈ, ಕೈ ಕುಣಿದಂತೆ ಗಿಣಿ. ಹಲಸಿನ ಹಳದಿ ಹಲಗೆಯ ಮೇಲೆ ಮುಗಿದು ಕೂತ ಆ ಗಿಣಿಯನ್ನು ಕಿಟಕಿಯ ಬಳಿ ಇಟ್ಟಿದ್ದಾಗ ನಿಜವಾದ ಗಿಣಿಗಳು ಸಂಬಂಧ ಕೇಳಲು ಬಂದವು. ನಾನು ಯೋಚಿಸಿ ಹೇಳುತ್ತೇನೆಂದು ಕಳಿಸಿದೆ.

ಉಗಾದಿಯ ಹಿಂದಿನ ಭಾನುವಾರ ಶ್ರೀಪಾದನೂ ನಾನೂ ಅದನ್ನು ಧೋತರದಲ್ಲಿ ಸುತ್ತಿಕೊಂಡು ಗವರ್ನರ್‌ಪೇಟೆಯ ಮಹಡಿ ಹತ್ತಿದೆವು. ಬಿಸಿಲಿಗೆ ಅಂಗಡಿಯ ಸ್ಟೀಲ್ ಬಿಂದಿಗೆಗಳು ಕಣ್ಣಿಗೆ ಚುಚ್ಚುತ್ತಿದ್ದವು. ಅಜ್ಜಿ ಹಲಗೆಯನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಮೂಸಿದರು.

“ಯಾವ ಬಡಗಿ ಹತ್ರ ಮಾಡಿಸ್ದೆ?”

ನನಗೆ ಮೈಯೆಲ್ಲ ಉರಿಯಿತು. “ಬಡಗ್ಯಾ? ಅಜ್ಜೀ, ಇದನ್ನ ಮಾಡೂ ಬಡಗಿ ಇನ್ನೂ ಹುಟ್ಟಿಲ್ರೀ!”

“ಹಂಗಾರೆ ಸರಿ. ಪೀಟ ಎರಡು ಬೇಕಲ್ಲ? ಹುಡುಗನಿಗೊಂದು, ಹುಡುಗಿಗೊಂದು. ಎರಡನೇದು ಇಲ್ಲೇ ಬರಿ, ನನ್ನ ಕಣ್ಣ ಮುಂದೆ.” ಹೇಳುತ್ತಲೇ ಮಂಚದ ಕೆಳಗಿನಿಂದ ಇನ್ನೊಂದು ಹಲಸಿನ ಹಲಗೆ ಎಳೆದರು. ನುಣ್ಣಗೆ ಉಜ್ಜಿಸಿಯೂ ಇಟ್ಟಿದ್ದರು, ಕಿಲಾಡಿ ಮುದುಕಿ. “ಸಾಯಂಕಾಲ ಗುಂಟೂರಿನವರು ಬರ್ತಾರೆ. ಅಷ್ಟರೊಳಗೆ ಮುಗಿಸಬೇಕು. ಮುಗೀಲಿಲ್ಲಾಂದ್ರೆ, ಬ್ಯಾಂಕಿನ ಹುಡುಗನಿಗೆ ತಾಂಬೂಲ ಕೊಡ್ತೀನಿ.”

ಕಡ್ಡಿ ಚೀಲದಲ್ಲಿತ್ತು. ಶ್ರೀಪಾದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ವಯರು ಹಲಗೆಗೆ ತಾಗದಂತೆ ಯಾರಾದರೂ ಎತ್ತಿ ಹಿಡಿಯಬೇಕಿತ್ತು. ಕನಕದುರ್ಗ ಯಾರನ್ನೂ ಕೇಳದೆ ಬಂದು ಎದುರಿಗೆ ಕೂತು ಹಿಡಿದುಕೊಂಡಳು. ನನ್ನ ಕಾಲು ಆ ಕ್ಷಣದಲ್ಲಿ ಗಿನ್ನೆಸ್ ದಾಖಲೆಯ ವೇಗ ಮುಟ್ಟಿತು.

“ಫ್ಯಾನ್ ಹಾಕಲಾ ಅಂಡಿ, ಎಂಜಿನಿಯರ್ ಗಾರೂ?” ಎಂದರು ಸತ್ಯಮೂರ್ತಿಯವರು.

“ಬ್ಯಾಡ್ರಿ, ಕಡ್ಡಿ ಆರ್ತದ.”

ವಿಜಯವಾಡದ ಬಿಸಿಲು, ಫ್ಯಾನಿಲ್ಲ. ಸತ್ಯಮೂರ್ತಿಯವರ ಜುಬ್ಬಾದಿಂದ ಸೋರಿದ ಬೆವರು ಕೃಷ್ಣಾ ಕಾಲುವೆಗೆ ಸೇರಿ ಆ ವರ್ಷ ಎರಡನೆಯ ಬೆಳೆಗೆ ನೀರಾಯಿತು. ಅಜ್ಜಿ ಬೀಸಣಿಗೆ ಎತ್ತಿದರು, ಅದನ್ನೂ ನಾನು ಕಣ್ಣಿನಿಂದಲೇ ಬೇಡವೆಂದೆ. ಅವರಿಗೆ ಅದು ಸಿಟ್ಟು ತರಿಸಿತೋ ಏನೋ, ಬೀಸಣಿಗೆ ಇಟ್ಟು ಬಾಯಿ ತೆರೆದರು.

“ಧಾರವಾಡದ ಪೇಡಾ ಏನಪ್ಪಾ, ಬರೇ ಸಕ್ಕರಿಯಂತಲ್ಲ?”

ಪೇಡಾ! ನಾನು ಹಲ್ಲು ಕಚ್ಚಿದೆ. ಬಾಲದ ಪುಕ್ಕಗಳು ಮುಗಿದವು.

“ಕಾರ್ಖಾನಿಯಾಗೆ ನಿನ್ನ ಕೈಕೆಳಗೆ ಎಷ್ಟು ಜನ?”

ಎಂಥ ಪ್ರಶ್ನೆ! ಎಂಟು ಸಾವಿರ ಎನ್ನುವುದು ನಾಲಗೆಯ ತುದಿಯ ತನಕ ಬಂದು ನಿಂತಿತು. ಅದನ್ನು ನುಂಗಿದ್ದಕ್ಕೆ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಭಾರ. ಶ್ರೀಪಾದ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ, ಯಾವುದೋ ಸ್ತೋತ್ರ ಹೇಳುತ್ತಿದ್ದನೆಂದು ಕಾಣುತ್ತದೆ. ಕೆಳಗೆ ಬೀದಿಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ ಗುಂಟೂರಿನವರೇ ಬಂದರೆಂದು ಕಾಲು ಇನ್ನಷ್ಟು ಕುಣಿಯುತ್ತಿತ್ತು. ಎದೆಯ ಪುಕ್ಕ ಮುಗಿಯಿತು. ರೆಕ್ಕೆ ಹಿಡಿದೆ.

ಆಗ ಅಜ್ಜಿ ಬಗ್ಗಿ ತಮ್ಮ ಅಂಗೈಯನ್ನು ನನ್ನ ಮೊಣಕಾಲಿನ ಮೇಲೆ ಒತ್ತಿ ಇಟ್ಟರು.

“ನಿಲ್ಸಪ್ಪಾ ಇದನ್ನ. ನೋಡಿ ನೋಡಿ ನನಗೆ ತಲಿ ತಿರುಗ್ತೈತೆ.”

ಕಾಲು ನಿಂತಿತು. ಕೈಯೂ ನಿಂತಿತು. ಕಡ್ಡಿಯನ್ನು ಹೇಗೋ ಮೇಲೆತ್ತಿದೆ, ಆದರೆ ಇಳಿಸಲು ಗೊತ್ತಾಗುತ್ತಿರಲಿಲ್ಲ, ಇಳಿಸಿದರೆ ಬದನೆಕಾಯಿ. ಅರ್ಧ ರೆಕ್ಕೆಯ ಗಿಣಿ ನನ್ನನ್ನು ನೋಡುತ್ತಿತ್ತು. ಹಿರಿಯರ ಕೈ ತಳ್ಳುವುದು ಹೇಗೆ? ಬಾಯಿ ತೆರೆದರೆ ಹೊರಬರುವುದು ಹುಲಿಯೇ.

“ನಾನಮ್ಮಾ, ಕೈ ತೆಗಿ!” ಎಂದಿತು ಒಂದು ದನಿ. ಆಂಧ್ರದಲ್ಲಿ ತಂದೆಯ ತಾಯಿಯನ್ನು ಕರೆಯುವುದು ಹಾಗೆ. ಆ ಮನೆಯಲ್ಲಿ ಕನಕದುರ್ಗ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಅವರ ಕಾಲೇ ಕದಾ ಪುಕ್ಕ ಬರೀತಿರೋದು! ಅಷ್ಟೊತ್ತಿಂದ ನೋಡ್ತಾ ಇದ್ದೀನಿ. ಕಾಲು ಆಡಿದ್ರೆ ಗಿಣಿ ಬರುತ್ತೆ. ನೀನು ನಿಲ್ಸಿದ್ರೆ ಅದು ಕುಂಟು ಗಿಣಿ ಆಗುತ್ತೆ.”

ಅಜ್ಜಿ ಹಲಗೆ ನೋಡಿದರು, ಕಾಲು ನೋಡಿದರು, ಮೊಮ್ಮಗಳನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಕೈ ತೆಗೆದರು. ಕಾಲು ಮತ್ತೆ ಹೊರಟಿತು, ರೆಕ್ಕೆ ತುಂಬತೊಡಗಿತು. ಕೊರಳಿಗೆ ಬಂದೆ. ಅಲ್ಲಿ ಪುಕ್ಕ ಸಾಸಿವೆಯಷ್ಟು ಸಣ್ಣದು, ಒಂದರ ಹೆಗಲ ಮೇಲೆ ಇನ್ನೊಂದು. ನಡುವೆ ಉಸಿರಾಡಲೂ ಜಾಗವಿಲ್ಲ. ಸರಿಯಾಗಿ ಅಲ್ಲಿಗೆ ಬರುವುದನ್ನೇ ಕಾದಿದ್ದವರ ಹಾಗೆ ಅಜ್ಜಿ ಕೇಳಿದರು:

“ಈ ವಿದ್ಯೆ ಯಾವಾಗಿಂದ ಕಲ್ತಿದ್ದಪ್ಪಾ?”

ನನ್ನ ಬಳಿ ಉತ್ತರ ಸಿದ್ಧವಿತ್ತು. ನಮ್ಮ ಮುತ್ತಜ್ಜ ಪೇಶ್ವೆಯವರ ಪಲ್ಲಕ್ಕಿಯ ಮೇಲೆ ಬೆಂಕಿಯಿಂದ ಇಡೀ ಕುರುಕ್ಷೇತ್ರ ಬರೆದದ್ದು, ಪೇಶ್ವೆಯವರು ಊಟ ಬಿಟ್ಟು ನೋಡಿದ್ದು, ಇನಾಮಾಗಿ ಅರ್ಧ ಧಾರವಾಡ ಕೊಡಲು ಬಂದದ್ದು, ನಮ್ಮವರು ಬೇಡವೆಂದದ್ದು. ಹೇಳಲು ಒಂದು ಮಧ್ಯಾಹ್ನ ಬೇಕು. ಎರಡು ಪುಕ್ಕಗಳ ನಡುವೆ ಹಿಡಿಯುವಂಥ ಮಾತು ನನ್ನ ಬಳಿ ಒಂದೇ ಇತ್ತು, ದುರದೃಷ್ಟಕ್ಕೆ ಅದು ನಿಜ.

“ಸಂಕ್ರಾಂತಿಯಿಂದ್ರೀ.”

ಕಡ್ಡಿ ನಿಲ್ಲಲಿಲ್ಲ. ಕೊರಳು ಮುಗಿಯಿತು.

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಸತ್ಯಂ, ಗುಂಟೂರಿಗೆ ಫೋನ್ ಮಾಡು. ಹೊರಡೋದು ಬ್ಯಾಡ ಅನ್ನು.”

“ಅದೇನಮ್ಮಾ, ಇನ್ನೂ ತಲೆ ಬರೆದಿಲ್ಲ, ಪೂರ್ತಿ ಆಗಲಿ…”

“ಅದು ಆಗ್ತೈತೆ ಬಿಡು. ಆ ಬ್ಯಾಂಕಿನವನು ಕುಂದ್ರೋದು ಸಂಬಳಕ್ಕೆ. ಇವನು ಇಷ್ಟೊತ್ತು ಬಾಯಿ ಮುಚ್ಕೊಂಡು ಕುಂತಾನಲ್ಲ, ಇವನಿಗದು ಎಷ್ಟು ಕಷ್ಟ ಅಂತ ನನಗೆ ಕಾಣಲ್ವಾ? ಸತ್ತೇ ಹೋಗ್ತಾನೇನೋ ಅಂದ್ಕೊಂಡಿದ್ದೆ.”

ನನ್ನ ಕಡ್ಡಿ ಆಗ ಗಿಣಿಯ ಕೆನ್ನೆಗೆ ಬಂದಿತ್ತು. ಸಂತೋಷವನ್ನು ಎಷ್ಟು ಹೊತ್ತು ನುಂಗಲಾದೀತು?

“ಅಜ್ಜೀ, ನಾ ಮೊದಲ ಹೇಳಿದ್ದೆಲ್ರೀ, ದಿಲ್ಲಿಯಿಂದ ಸುದ್ಧಾ…”

ಚುರ್.

ಶ್ರೀಪಾದ ಹಣೆ ಚಚ್ಚಿಕೊಂಡ. ಗಿಣಿಯ ಕೆನ್ನೆಯ ನಟ್ಟನಡುವೆ ಹುಣಸೆ ಬೀಜ ಕೂತಿತ್ತು. ಎಲ್ಲ ಮುಗಿಯಿತೆಂದು ಅಜ್ಜಿಯ ಮುಖ ನೋಡಿದೆ. ಆದರೆ ಕಚ್ಚಿ ಹಿಡಿದಿದ್ದ ಆ ನಗುವನ್ನು ಕನಕದುರ್ಗ ಈ ಸಲ ಬಿಟ್ಟೇಬಿಟ್ಟಳು. ವಯರು ಹಿಡಿದ ಕೈಯೆಲ್ಲ ನಡುಗುವಷ್ಟು ನಕ್ಕಳು.

“ಇರಲಿ ಬಿಡಿ. ಪೆಳ್ಳಿಕೂತುರಿಗೆ, ಅದೇ ಮದುಮಗಳಿಗೆ, ಕೆನ್ನೆ ಮೇಲೆ ದೃಷ್ಟಿಬೊಟ್ಟು ಇಡ್ತಾರಲ್ಲ. ಈ ಪೀಟ ನಂದು.”

ಮದುವೆ ಚೈತ್ರದಲ್ಲಿ ನಡೆಯಿತು. ವಿಜಯವಾಡದಲ್ಲಿ ಆ ದಿನ ಬೇರೆ ಯಾವ ಮದುವೆಗೂ ಜನವಿರಲಿಲ್ಲ, ಎಲ್ಲರೂ ನಮ್ಮ ಪೀಟ ನೋಡಲು ಬಂದಿದ್ದರು. ನನಗೂ ಅವಳಿಗೂ ನಡುವೆ ಅಡ್ಡಪರದೆ ಹಿಡಿದರು. ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ಅವರವರ ಗಿಣಿಯ ಮೇಲೆ. ಪುರೋಹಿತರು ಜೀರಿಗೆ ಬೆಲ್ಲ ಕಲಸಿದ ಮುದ್ದೆಯನ್ನು ವೀಳ್ಯದೆಲೆಯಲ್ಲಿಟ್ಟು ಕೊಟ್ಟು, ಪರದೆಯ ಮೇಲಿನಿಂದ ಒಬ್ಬರ ನೆತ್ತಿಯ ಮೇಲೆ ಇನ್ನೊಬ್ಬರು ಇಟ್ಟು, ಮುಹೂರ್ತ ಕಳೆಯುವ ತನಕ ಕದಲದೆ ಹಿಡಿದಿರಬೇಕೆಂದರು. ಇಟ್ಟೆ. ನನ್ನ ಕೈ ಅವಳ ನೆತ್ತಿಯ ಮೇಲೆ ಕಲ್ಲಿನ ಹಾಗೆ ನಿಂತಿತ್ತು, ಮೊದಲೇ ಹೇಳಿದ್ದೆನಲ್ಲ. ಆದರೆ ಧೋತರದ ಒಳಗೆ ಬಲಗಾಲು ಶುರುಮಾಡಿತ್ತು. ಪೀಟ ಟಕಟಕ ಎಂದಿತು. ಮುಂದಿನ ಸಾಲಿನಲ್ಲಿ ಅಜ್ಜಿ ಕನ್ನಡಕ ಸರಿಮಾಡಿಕೊಳ್ಳುವುದು ಕಂಡಿತು.

ಆಗ ಪರದೆಯ ಕೆಳಗಿನಿಂದ ಅರಿಸಿನ ಹಚ್ಚಿದ ಒಂದು ಪಾದ ಈಚೆ ಬಂದು, ನನ್ನ ಪಾದದ ಮೇಲೆ ಮೆಲ್ಲಗೆ ಕೂತು, ಗಟ್ಟಿಯಾಗಿ ಒತ್ತಿತು.

“ಗಿಣಿ ಮುಗೀತಲ್ಲ,” ಎಂದಿತು ಪರದೆಯ ಆಚೆಯ ದನಿ, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ. “ಇನ್ನು ನಿಲ್ಸಿ.”

ನಿಂತಿತು.